ಹತ್ತು ಪದರಗಳಿಲ್ಲದ 'ಹತ್ತು ಪದರ' ಟಯರು

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಬೆನ್ನಿನ ಮೇಲೆ ಪುಟ್ಟ ಮನೆಯಂಥ ಕ್ಯಾಂಪರನ್ನು ಹೊರಿಸಿಕೊಂಡು ಪ್ರವಾಸ ಹೊರಡುವವರು ಅನೇಕ. ಅದಕ್ಕೆ ತಕ್ಕ ಟಯರಿನ ಮಾತು ಬಂದಾಗ ಇಂದಿಗೂ ಬಳಕೆಯಲ್ಲಿರುವ ವಿಶೇಷಣ 'ಹತ್ತು ಪದರ'. ಈ ಪ್ರಯೋಗ ಕೊಳ್ಳುವವರ ದಾರಿ ತಪ್ಪಿಸುತ್ತದೆ. ಅದು ಟಯರಿನೊಳಗೆ ಹತ್ತಿ ನೂಲಿನ ಪದರಗಳಿದ್ದ ಕಾಲದ ಅಳತೆ. ಈಗಿನ ರೇಡಿಯಲ್ ಟಯರಿನ ಪಕ್ಕದ ಗೋಡೆಯಲ್ಲಿರುವುದು ಸಾಮಾನ್ಯವಾಗಿ ಪಾಲಿಯೆಸ್ಟರಿನ ಎರಡೋ ಮೂರೋ ಪದರ.

ಭಾರವನ್ನು ಬಹುಮಟ್ಟಿಗೆ ಹೊರುವುದು ಒಳಗಿನ ಗಾಳಿ; ಪದರಗಳು ಆ ಗಾಳಿಯನ್ನು ಹಿಡಿದಿಡುತ್ತವೆ, ಅಷ್ಟೆ. ಭಾರಸೂಚ್ಯಂಕ 120 ಎಂದರೆ ಟಯರೊಂದಕ್ಕೆ 1400 ಕಿಲೋಗ್ರಾಮ್. ಆದರೆ ಅದು ನಿಗದಿತ ಒತ್ತಡದಲ್ಲಿ ಮಾತ್ರ. 'ಇ' ವರ್ಗದ ಟಯರಿಗೆ ಇದು ಸಾಮಾನ್ಯವಾಗಿ ಚದರ ಅಂಗುಲಕ್ಕೆ 80 ಪೌಂಡ್, ಅಂದರೆ ಸುಮಾರು 550 ಕಿಲೋಪಾಸ್ಕಲ್. ಭಾಗಿಸಿ ನೋಡಿ: ನೆಲಕ್ಕೆ ತಾಗುವ ಭಾಗ ಸುಮಾರು 250 ಚದರ ಸೆಂಟಿಮೀಟರ್, ನಮ್ಮ ಎರಡು ಅಂಚೆ ಕಾರ್ಡುಗಳಷ್ಟು! ಒತ್ತಡ ಕಡಿಮೆಯಾದರೆ ಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಬಾಗಿಸಲು ವ್ಯಯವಾದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಉಳಿದದ್ದು ಶಾಖ. ಟಯರು ಸೀಳುವುದು ಹೀಗೆ.

ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸುವ ಲೆಕ್ಕವೂ ಸಲ್ಲದು. ಕ್ಯಾಂಪರಿನ ಭಾರ ಹೆಚ್ಚಾಗಿ ಬೀಳುವುದು ಹಿಂದಿನ ಆಕ್ಸಲ್ ಮೇಲೆ. ಮುಂದೆ 1700, ಹಿಂದೆ 2900 ಕಿಲೋಗ್ರಾಮ್ ಇದೆ ಎನ್ನಿ. ಸರಾಸರಿ 1150, ಕಾಗದದ ಮೇಲೆ ಎಲ್ಲವೂ ಕ್ಷೇಮ. ಹಿಂದಿನ ಎರಡು ಟಯರುಗಳ ಮಿತಿಯಾದರೋ 2800! ನೀರು, ಸಾಮಾನು, ಜನ ಎಲ್ಲ ತುಂಬಿದ ಮೇಲೆ ಆಕ್ಸಲುಗಳನ್ನು ವೇಬ್ರಿಜ್ಜಿನಲ್ಲಿ ಬೇರೆಬೇರೆಯಾಗಿ ತೂಗಿಸಿ, ಆಮೇಲೆ ಟಯರಿನ ಅಂಗಡಿಗೆ ಹೋಗಬೇಕು. ರಿಮ್ಮಿಗೂ ಆಕ್ಸಲಿಗೂ ಅವುಗಳದೇ ಮಿತಿಗಳಿವೆ. ದಪ್ಪ ಟಯರು ಹಾಕಿದರೆ ಅವು ಹಿಗ್ಗುವುದಿಲ್ಲ.