ಬರದ ಲೆಕ್ಕದಲ್ಲಿ ಎರೆ ಹೊಲದ ಹಸಿ

ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಬಿತ್ತನೆ ಪ್ರದೇಶ, ಉಪಗ್ರಹಕ್ಕೆ ಕಂಡ ಹಸಿರು, ಅಂತರ್ಜಲ, ಮಣ್ಣಿನ ತೇವಾಂಶಗಳನ್ನೂ ಲೆಕ್ಕಕ್ಕೆ ತಂದಿತು. ಅದು ಮೆಚ್ಚತಕ್ಕ ಕೆಲಸ. ಆದರೆ ಇವುಗಳಲ್ಲಿ ಬೇರಿಗೆ ತೀರ ಹತ್ತಿರದ್ದಾದ ತೇವಾಂಶದ ಅಳತೆಯೇ ತೀರ ಸಡಿಲವಾಗಿದೆ. ಕೊಪ್ಪಳ ಜಿಲ್ಲೆಯ ಕುಕನೂರು ಸೀಮೆಯ ಹೊಲಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ.

ಇಲ್ಲಿ ಎರೆ ಎಂಬ ಕಪ್ಪು ಮಣ್ಣೂ ಇದೆ, ಮಸಾರಿ ಎಂಬ ಕೆಂಪು ಮಣ್ಣೂ ಇದೆ. ಆಳವಾದ ಎರೆ ಒಂದು ಮೀಟರಿನಲ್ಲಿ ಬೆಳೆಗೆ ದಕ್ಕುವ 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡಬಲ್ಲದು, ತೆಳು ಮಸಾರಿಗೆ ಆ ಒಡಲಿಲ್ಲ. ಮೂರು ವಾರ ಮಳೆ ತಪ್ಪಿದರೆ ಮಸಾರಿಯ ಮೆಕ್ಕೆಜೋಳ ಗರಿ ಸುತ್ತಿಕೊಳ್ಳುತ್ತದೆ, ಎರೆಯ ಬೆಳೆ ಇನ್ನೂ ತಡೆಯುತ್ತದೆ. ಹಿಂಗಾರಿಯಲ್ಲಿ ಎರೆಯವರ ಸಂಕಟ ಬೇರೆ. ಉತ್ತರಿ, ಹಸ್ತದ ಮಳೆ ಕೈಕೊಟ್ಟು ಆಳಕ್ಕೆ ಹಸಿ ಇಳಿಯದಿದ್ದರೆ ಬಿಳಿಜೋಳಕ್ಕೂ ಕಡಲೆಗೂ ಮುಂದೆ ಆಸರೆಯೇ ಇರುವುದಿಲ್ಲ. ತಾಲ್ಲೂಕಿಗೊಂದು ತೇವಾಂಶದ ಅಂಕಿ ಎರಡು ಬಗೆಯ ಕಷ್ಟವನ್ನೂ ಸರಾಸರಿಯಲ್ಲಿ ಮುಚ್ಚಿಹಾಕುತ್ತದೆ. ಯಲಬುರ್ಗಾದಿಂದ ಬೇರ್ಪಟ್ಟು ಕುಕನೂರು ತಾಲ್ಲೂಕಾದ ಮೇಲೂ ಈ ತೊಡಕು ಹಾಗೇ ಇದೆ.

ಆ ಅಂಕಿಯೂ ಬಹುಪಾಲು ಹೊಲದಲ್ಲಿ ಅಳೆದು ತಂದದ್ದಲ್ಲ. ಮಳೆ, ಆವಿಯಾಗುವ ನೀರು, ಮಣ್ಣಿನ ಸ್ಥೂಲ ಗುಣಗಳಿಂದ ಲೆಕ್ಕ ಕಟ್ಟಿದ್ದು. 2015ರಲ್ಲಿ ನಾಸಾ ಹಾರಿಸಿದ ಸ್ಮ್ಯಾಪ್ ಉಪಗ್ರಹ ತೇವವನ್ನು ನೇರವಾಗಿ ಗ್ರಹಿಸುತ್ತದೆ ನಿಜ, ಅದೂ ಮೇಲಿನ ಸುಮಾರು 5 ಸೆಂ.ಮೀ.ನಷ್ಟು. ಜನವರಿಯಲ್ಲಿ ಬಿಳಿಜೋಳದ ಬೇರು ನೀರು ಹುಡುಕುವುದು ಬಹಳ ಕೆಳಗೆ. ನೆಲದಲ್ಲಿ ಹೂಳುವ ಸೆನ್ಸರುಗಳನ್ನೂ ಎರೆ ಸತಾಯಿಸುತ್ತದೆ: ಮಣ್ಣು ಒಣಗಿ ಬಿರಿದಾಗ ಸುತ್ತ ಗಾಳಿ ಸೇರಿ ಅಳತೆ ತಪ್ಪುತ್ತದೆ. ಆಯಾ ಹೊಲದ ಮಣ್ಣನ್ನೇ 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಅದಕ್ಕೆ ತಾಳೆ ನೋಡಿ ತಿದ್ದಿದರೆ ಮಾತ್ರ ಅವು ನಂಬಿಕೆಗೆ ಅರ್ಹ.

ಇನ್ನು ಉಪಗ್ರಹಕ್ಕೆ ಕಂಡ ಹಸಿರನ್ನಷ್ಟೇ ನಂಬಿದರೆ ಏನಾಗುತ್ತದೆಂದು 2023ರಲ್ಲಿ ಕಂಡೆವು. ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಆ ವರ್ಷ ‘ಹಸಿರು ಬರ’ದ ಮಾತು ಎಲ್ಲೆಡೆ ಕೇಳಿತು. ಪೈರು ಹಸಿರಾಗಿ ನಿಂತಿತ್ತು, ತೆನೆಯಲ್ಲಿ ಕಾಳಿರಲಿಲ್ಲ. ಹೊಲಕ್ಕೇ ಹೋಗಿ ಬೆಳೆ ನೋಡಬೇಕೆಂಬ ಕೈಪಿಡಿಯ ನಿಯಮ ಇದಕ್ಕಾಗಿಯೇ ಬೇಕು. ಆದರೆ ಹಾಗೆ ಬೆಳೆ ನೋಡುವ ತಂಡ ಬರುವುದು ಬೆಳೆ ಕೈಬಿಟ್ಟ ಮೇಲೆ.

1988ರಲ್ಲೇ ಬರ ಉಸ್ತುವಾರಿ ಕೋಶ ಕಟ್ಟಿದ ಕರ್ನಾಟಕ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಹೋಬಳಿಗೊಂದು ಎರೆ ಹೊಲ, ಒಂದು ಮಸಾರಿ ಹೊಲ ಆರಿಸಿ 30, 60, 90 ಸೆಂ.ಮೀ. ಆಳದ ತೇವವನ್ನು ಅಳೆಯುವುದು ಈ ರಾಜ್ಯಕ್ಕೆ ಅಸಾಧ್ಯವೇನಲ್ಲ. ಅಕ್ಟೋಬರ್ ಕೊನೆಯ ಆ ಅಳತೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ, ಹಿಂಗಾರಿ ಬರದ ಕಡತಕ್ಕೂ ಸೇರಿಸಲಿ.