ಬಿಯರ್ ಹೆಸರುಗಳ ತತ್ಸಮ–ತದ್ಭವ

ಬೆಂಗಳೂರಿನ ಪಬ್ಬುಗಳಿಗೆ ಕ್ರಾಫ್ಟ್ ಬಿಯರ್ ಬಂದ ಮೇಲೆ ಅದರ ಬೆನ್ನಿಗೇ ಒಂದು ಬಗೆಯ ಬರವಣಿಗೆಯೂ ಬಂತು. ‘ಈ ಹೆಸರುಗಳನ್ನು ನೀವು ತಪ್ಪಾಗಿ ಉಚ್ಚರಿಸುತ್ತಿದ್ದೀರಿ’ ಎಂದು ತಿದ್ದುವ ಪಟ್ಟಿಗಳವು. ಇಂಥ ಪಟ್ಟಿಗಳನ್ನು ಒಂದು ಪಠ್ಯವೆಂದೇ ಓದಿದಾಗ ನನಗೆ ಮೊದಲು ಕಂಡದ್ದು ಇದು: ಹೆಸರುಗಳು ಜರ್ಮನ್, ಫ್ರೆಂಚ್, ಡಚ್, ಅಳೆಯುವ ಕೋಲು ಮಾತ್ರ ಇಂಗ್ಲಿಷ್.

ಗೋಜ಼ ಎಂಬ ಬಿಯರನ್ನೇ ನೋಡಿ. ಜರ್ಮನಿಯ ಗೋಸ್ಲಾರ್ ಊರಿನದು. ಉಪ್ಪು, ಕೊತ್ತಂಬರಿ ಬೀಜ ಬೀಳುವ ಹುಳಿ ಬಿಯರ್. ಅಲ್ಲಿ ಹರಿಯುವ ಹೊಳೆಯ ಹೆಸರೇ ಇದಕ್ಕೂ ಇದೆ. ಇಂಗ್ಲಿಷ್ ಪಟ್ಟಿಗಳು ಇದನ್ನು ‘ಗೋ’ ಎಂಬ ಇಂಗ್ಲಿಷ್ ಪದದ ಆಸರೆಯಲ್ಲಿ ಕಲಿಸುತ್ತವೆ. ಆದರೆ ಇಂಗ್ಲಿಷರ ಬಾಯಲ್ಲಿ ಆ ಸ್ವರ ಉಕಾರದ ಕಡೆಗೆ ಜಾರುತ್ತದೆ. ಜರ್ಮನ್ ಸ್ವರ ಜಾರುವುದಿಲ್ಲ. ನಮ್ಮ ‘ಗೋಪುರ’ದ ಓಕಾರದಂತೆ ನಿಲ್ಲುತ್ತದೆ. ‘ವೈತ್ಸನ್’ ಎಂಬ ಗೋಧಿ ಬಿಯರಿನ ಹೆಸರೂ ಹಾಗೆಯೇ. ಕನ್ನಡದಲ್ಲಿ ಬರೆದುಕೊಂಡರೆ ಮೂಲದ ಹತ್ತಿರ ಬರುವ ಓದುಗ, ಇಂಗ್ಲಿಷ್ ಸುತ್ತಿ ದೂರವಾಗುತ್ತಾನೆ. ಕೊನೆಗೆ ಬಾಯಿ ಬಿಡಲು ಹೆದರಿ, ಮೆನುವಿನ ಮೇಲೆ ಬೆರಳಿಟ್ಟು ‘ಇದು’ ಎನ್ನುತ್ತಾನೆ.

ಇನ್ನು, ಮೂಲ ಎಂದರೆ ಯಾವುದು? ಪಿಲ್ಸ್ನರ್ ಹುಟ್ಟಿದ್ದು 1842ರಲ್ಲಿ, ಇಂದಿನ ಚೆಕ್ ದೇಶದ ಪ್ಲ್‌ಜ಼ೆನ್ ಊರಿನಲ್ಲಿ. ಆ ಊರಿಗೆ ಜರ್ಮನರು ಇಟ್ಟುಕೊಂಡ ರೂಪ ಪಿಲ್ಸನ್. ಬಿಯರಿಗೆ ಅಂಟಿದ್ದು ಅದು. ಇದನ್ನು ಯಾವ ಪಟ್ಟಿಯೂ ತಪ್ಪೆನ್ನುವುದಿಲ್ಲ. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರಂತೂ ನಮ್ಮ ನದಿಯನ್ನೇ ಹೊತ್ತಿದೆ. ಸಿಂಧು ಪರ್ಷಿಯನ್ನರ ಬಾಯಲ್ಲಿ ಹಿಂದು ಆಯಿತು, ಗ್ರೀಕರ ಬಾಯಲ್ಲಿ ಹಕಾರ ಬಿದ್ದು ಇಂಡೋಸ್ ಆಯಿತು, ಅಲ್ಲಿಂದ ಇಂಡಿಯಾ. ಇದೂ ಯಾರಿಗೂ ತಪ್ಪಲ್ಲ. ಬಲವುಳ್ಳವರ ನಾಲಿಗೆ ತಿರುಚಿದರೆ ಅದು ಚರಿತ್ರೆ. ಹಾವೇರಿಯಿಂದ ಬಂದ ಹುಡುಗನ ನಾಲಿಗೆ ತಿರುಚಿದರೆ ನಗೆಪಾಟಲು.

ಈ ವಿಷಯದಲ್ಲಿ ನಮ್ಮ ವ್ಯಾಕರಣ ಪರಂಪರೆ ಹೆಚ್ಚು ಉದಾರಿ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶಕ್ಕೇ ಒಂದು ಪ್ರಕರಣ ಮೀಸಲಿಟ್ಟ. ಯಶ ಜಸವಾಗುವುದಕ್ಕೆ, ವಿದ್ಯಾ ಬಿಜ್ಜೆಯಾಗುವುದಕ್ಕೆ ಒಂದು ಕ್ರಮವಿದೆ ಎಂದು ಅವನು ಕಂಡ. ಹೊರಗಿನ ಪದ ಒಳಗೆ ಬರುವಾಗ ಮನೆಯ ಉಡುಗೆ ತೊಡುತ್ತದೆ ಎಂಬ ತಿಳಿವಳಿಕೆ ಅದು.

ಮೂಲದ ಉಚ್ಚಾರ ಕಲಿಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಹೊಳೆಯ ಹೆಸರನ್ನು ಅಲ್ಲಿನವರು ಹೇಗೆ ಕರೆಯುತ್ತಾರೆಂದು ತಿಳಿಯುವುದು ಆ ಊರಿಗೆ ತೋರುವ ಮರ್ಯಾದೆ. ಅದಕ್ಕೆ ಕನ್ನಡ ಲಿಪಿಯಲ್ಲೇ ಬರೆದ ಮೆನು ಸಾಕು. ಆದರೆ ಕಲಿತದ್ದನ್ನು ಪಕ್ಕದವನ ಪರೀಕ್ಷೆಗೆ ಬಳಸಿದ ಕೂಡಲೇ ಅದು ಮರ್ಯಾದೆಯಾಗಿ ಉಳಿಯುವುದಿಲ್ಲ. ಮೆನುವಿನ ಅಕ್ಷರ ಕೂಡಿಸಿ ಯಾರಾದರೂ ‘ಒಂದು ಗೋಸೆ ಕೊಡಿ’ ಎಂದರೆ, ಬಿಜ್ಜೆಯ ಸಾಲಿಗೆ ಇನ್ನೊಂದು ಎಕಾರಾಂತ ಸೇರಿತೆಂದು ತಿಳಿದರಾಯಿತು.