ಹೆಸರಿಲ್ಲದ ತಟ್ಟೆ, ಹೆಸರಿಲ್ಲದ ಹರವಿ

ಜಪಾನಿನ ಕುಂಭ ಕಲಾವಿದ ಶೋಜಿ ಹಮಾದ (1894-1978) ಅವರ ತಟ್ಟೆಯೊಂದರ ಚಿತ್ರವನ್ನು ಮುರಗೋಡದಲ್ಲಿ ಯಾರಿಗೆ ತೋರಿಸಿದರೂ ‘ಇದು ಜ್ವಾಳದ ದಂಟ ಅಲ್ಲೇನ್ರಿ?’ ಎಂದೇ ಕೇಳಿಯಾರು. ನಡುವೆ ಒಂದು ಗೆರೆ, ಅತ್ತಿತ್ತ ಬಾಗಿದ ಒಂದೆರಡು ಗರಿ. ಅದು ಕಬ್ಬು. ಒಕಿನಾವಾ ದ್ವೀಪದ ಹೊಲಗಳಲ್ಲಿ ಕಂಡ ಕಬ್ಬನ್ನು ಹಮಾದ ದಶಕಗಳ ಕಾಲ ಮತ್ತೆ ಮತ್ತೆ ಬರೆದರು.

ಅವರನ್ನು ನಿಸರ್ಗದ ಕಲಾವಿದ ಎಂದು ಹೊಗಳುವುದು ರೂಢಿ. ಆದರೆ ಅವರ ನಿಸರ್ಗ ಬರೀ ಎಲೆ-ಹೂವಿನ ಅಲಂಕಾರವಲ್ಲ. ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲೀಚ್ ಜೊತೆ ದುಡಿದು 1924ರಲ್ಲಿ ಮರಳಿದ ಅವರು ನೆಲೆಸಲು ಆರಿಸಿಕೊಂಡದ್ದು, ಅಡುಗೆಮನೆಯ ಜಾಡಿ-ಗಡಿಗೆಗಳನ್ನು ಮಾಡುತ್ತಿದ್ದ ಮಶಿಕೊ ಎಂಬ ಊರನ್ನು. ಅಲ್ಲಿನ ಒರಟು ಮಣ್ಣು, ಅಲ್ಲಿನ ಕಲ್ಲಿನ ಪುಡಿ, ಭತ್ತದ ಹೊಟ್ಟಿನ ಬೂದಿ ಇವೇ ಅವರ ಬಣ್ಣ, ಮೆರುಗು. ಇದ್ದ ಮಣ್ಣಿನ ಗುಣಕ್ಕೆ ಅವರು ತಮ್ಮ ಕೈಯನ್ನೇ ಒಗ್ಗಿಸಿಕೊಂಡರು. ದೊಡ್ಡತನ ಇರುವುದು ಇಲ್ಲಿ.

ಆದರೂ ನಮ್ಮದೊಂದು ತಕರಾರಿದೆ. ಹಮಾದ, ಅವರ ಗೆಳೆಯ ಯಾನಗಿ ಮೊದಲಾದವರು 1920ರ ದಶಕದಲ್ಲಿ ಕಟ್ಟಿದ ‘ಮಿಂಗೆಯ್’ ಎಂಬ ಜನಕಲೆಯ ಚಳವಳಿ, ಹೆಸರಿಲ್ಲದ ಕುಶಲಕರ್ಮಿಯ ದಿನಬಳಕೆಯ ವಸ್ತುವಿನಲ್ಲೇ ನಿಜವಾದ ಚೆಲುವಿದೆ ಎಂದಿತು. ಅದರಂತೆ ಹಮಾದ ಪಾತ್ರೆಗಳ ಮೇಲೆ ಸಹಿ ಹಾಕುವುದನ್ನು ಬಿಟ್ಟರು. ಆದರೆ ಪಾತ್ರೆಯನ್ನಿಡುವ ಮರದ ಪೆಟ್ಟಿಗೆಯ ಮೇಲೆ ಸಹಿ ಬಿತ್ತು. 1955ರಲ್ಲಿ ಜಪಾನ್ ಸರಕಾರ ಅವರಿಗೆ, ಜನರು ‘ಜೀವಂತ ರಾಷ್ಟ್ರೀಯ ಸಂಪತ್ತು’ ಎಂದು ಕರೆಯುವ ಗೌರವವನ್ನು ನೀಡಿತು. ಉಣ್ಣಲೆಂದು ಮಾಡಿದ ತಟ್ಟೆ ವಸ್ತುಸಂಗ್ರಹಾಲಯದ ಗಾಜಿನೊಳಗೆ ಹೋಗಿ ಕೂತಿತು. ಹೆಸರು ಇದ್ದವನಿಗಷ್ಟೇ ಹೆಸರು ಬಿಟ್ಟುಕೊಡುವ ಸುಖ!

ನಮ್ಮ ಸಂತೆಯಲ್ಲಿ ಹರವಿ ಮಾರಲು ಕೂತ ಕುಂಬಾರರ ಅಜ್ಜಿಗೆ ಆ ಆಯ್ಕೆಯೇ ಇಲ್ಲ. ಸಹಿ ಬಿಡುವುದಿರಲಿ, ಆಕೆಯ ಹೆಸರನ್ನೇ ಯಾರೂ ಕೇಳಿಲ್ಲ. ನಮ್ಮದೇ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಅಲ್ಲಿನ ಮಣ್ಣಿಗೆ ಹೆಸರಿದೆ, ಕುಂಬಾರನಿಗಿಲ್ಲ. ನಾವಾದರೋ ಹರವಿಯನ್ನು ಬೆರಳಿನಿಂದ ಬಾರಿಸಿ, ಸದ್ದು ಕೇಳಿ, ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಮನುಷ್ಯನೂ ಹೀಗೇ ಸದ್ದು ಮಾಡುವ ಒಣಮಣ್ಣಿನಿಂದ ಆದವನೆಂದು ಸೂರಾ ಅರ್‌ರಹ್ಮಾನ್ ನೆನಪಿಸುತ್ತದೆ. ಅದನ್ನು ಓದಿ ಸಂತೆಗೆ ಹೋಗುವ ನಾವೂ ಚೌಕಾಸಿಯವರೇ.

ಹಮಾದರನ್ನು ಮನಸಾರೆ ಮೆಚ್ಚೋಣ. ಆದರೆ ಬರುವ ಬೇಸಿಗೆಗೆ ಹರವಿ ಕೊಳ್ಳುವಾಗ, ದರ ಕೇಳುವ ಮೊದಲು ಮಾಡಿದವರ ಹೆಸರು ಕೇಳೋಣ.